ಚಿಕ್ಕ ಮಕ್ಕಳೊಂದಿಗೆ ರಾಕಿ ಬೆಟ್ಟದಲ್ಲಿ: ದೂರಕ್ಕಿಂತ ಮೊದಲು ಎತ್ತರ ನೋಡಿ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿರುವ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಮಕ್ಕಳನ್ನು ಕರೆದುಕೊಂಡು ಹೊರಡುವ ನಮ್ಮವರು ಮೊದಲು ಕೇಳುವುದು, ‘ಎಷ್ಟು ಮೈಲಿ ನಡೀಬೇಕು?’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ‘ಎಷ್ಟು ಎತ್ತರದಲ್ಲಿ ನಡೀಬೇಕು?’ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 6,330 ಅಡಿ. ಈ ಉದ್ಯಾನದ ಹೊಸಿಲಲ್ಲಿರುವ ಎಸ್ಟೆಸ್ ಪಾರ್ಕ್ ಎಂಬ ಊರೇ 7,522 ಅಡಿ ಎತ್ತರದಲ್ಲಿದೆ. ಎಲ್ಲರೂ ಮುಗಿಬೀಳುವ ಬೇರ್ ಲೇಕ್ ಕೆರೆ 9,475 ಅಡಿ. ದಕ್ಷಿಣ ಭಾರತದ ಯಾವ ಶಿಖರವೂ ಅಷ್ಟು ಎತ್ತರವಿಲ್ಲ. ಟ್ರೇಲ್ ರಿಡ್ಜ್ ರಸ್ತೆಯಂತೂ ಕಾರಿನಲ್ಲಿ ಕೂತವರನ್ನು ಕೂತಂತೆಯೇ 12,183 ಅಡಿಗೆ ಏರಿಸುತ್ತದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಮೂರನೇ ಎರಡು ಭಾಗ ಮಾತ್ರ.

ಹಾಗೆಂದು ಹೆದರಬೇಕಾಗಿಲ್ಲ. 1915ರ ಜನವರಿ 26ರಂದು ರಾಷ್ಟ್ರೀಯ ಉದ್ಯಾನವಾದ ಈ ಬೆಟ್ಟಸಾಲಿನಲ್ಲಿ ಮೂರು ವರ್ಷದ ಮಗು ತನ್ನ ಕಾಲ ಮೇಲೆ ನಡೆದು ಮುಗಿಸಬಹುದಾದ ಹಾದಿಗಳು ಬೇಕಾದಷ್ಟಿವೆ. ಸ್ಟ್ರೋಲರ್ ತಳ್ಳಿಕೊಂಡು ಹೋಗಬಹುದಾದ ಹಾದಿಗಳೂ ಇವೆ. ಯಾವುದನ್ನು ಯಾವ ದಿನ, ಯಾವ ಹೊತ್ತಿನಲ್ಲಿ ಹಿಡಿಯಬೇಕು ಎಂಬುದು ಗೊತ್ತಿದ್ದರೆ ಸಾಕು.

ಮೊದಲ ದಿನ ಕೆಳಗೇ ಇರಿ

ಡೆನ್ವರ್ ವಿಮಾನ ನಿಲ್ದಾಣದಲ್ಲಿ ಇಳಿದು, ಬಾಡಿಗೆ ಕಾರು ಹಿಡಿದು, ಎರಡು ಗಂಟೆಯೊಳಗೆ ಎಸ್ಟೆಸ್ ಪಾರ್ಕ್ ತಲುಪಿ, ಅದೇ ಮಧ್ಯಾಹ್ನ ಟ್ರೇಲ್ ರಿಡ್ಜ್ ಹತ್ತುವವರಿದ್ದಾರೆ. ದೊಡ್ಡವರಿಗೆ ತಲೆನೋವು ಬಂದರೆ ಬಾಯಿಬಿಟ್ಟು ಹೇಳುತ್ತಾರೆ. ಎರಡು ವರ್ಷದ ಮಗು ಹೇಳುವುದಿಲ್ಲ. ಕಾರಣವಿಲ್ಲದೆ ರಚ್ಚೆ ಹಿಡಿಯುತ್ತದೆ, ಊಟ ಬೇಡವೆನ್ನುತ್ತದೆ, ವಾಂತಿ ಮಾಡುತ್ತದೆ, ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತದೆ. ಪ್ರಯಾಣದ ಸುಸ್ತು, ಹೊರಗಿನ ಊಟ, ದೃಷ್ಟಿ ತಾಕಿದೆ ಎಂದು ನಾವು ಏನೇನೋ ಅಂದುಕೊಳ್ಳುತ್ತೇವೆ. ಎಂಟು ಸಾವಿರ ಅಡಿ ದಾಟಿದ ಮೇಲೆ ಇಂಥ ಲಕ್ಷಣ ಕಂಡರೆ ಎತ್ತರದ ಕಾಯಿಲೆ ಎಂದೇ ಮೊದಲು ಸಂಶಯಪಡಿ. ಅದಕ್ಕೆ ನಂಬಬಹುದಾದ ಮದ್ದೆಂದರೆ ಕೆಳಗಿಳಿಯುವುದು. ಎರಡು ಸಾವಿರ ಅಡಿ ಇಳಿಯುವಷ್ಟರಲ್ಲಿ ಎಷ್ಟೋ ಮಕ್ಕಳು ಮತ್ತೆ ನಗತೊಡಗುತ್ತಾರೆ. ಇಳಿದ ಮೇಲೂ ಮಂಕಾಗಿದ್ದರೆ, ಉಸಿರು ಕಷ್ಟವಾದರೆ, ನಡಿಗೆ ತಡವರಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಮಗುವಿಗೆ ಕೊಡುವ ಕೆಲಸ ಬೇಡ.

ಮೊದಲ ರಾತ್ರಿ ಡೆನ್ವರ್‌ನಲ್ಲೋ ಎಸ್ಟೆಸ್ ಪಾರ್ಕ್‌ನಲ್ಲೋ ಕಳೆಯಿರಿ. ಎರಡನೇ ದಿನ ಒಂಬತ್ತು ಸಾವಿರ ಅಡಿಗಿಂತ ಕೆಳಗಿನ ಕೆರೆ, ಮೂರನೇ ದಿನ ಬೇರ್ ಲೇಕ್, ಆಮೇಲೆ ಟ್ರೇಲ್ ರಿಡ್ಜ್. ಊರಿನಿಂದ ಬಂದ ಅಜ್ಜ ಅಜ್ಜಿ ಜೊತೆಗಿದ್ದರೆ ಈ ಕ್ರಮ ಅವರಿಗೂ ಒಳ್ಳೆಯದು. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ಹೊರಡುವ ಮುಂಚೆ ವೈದ್ಯರನ್ನು ಒಂದು ಮಾತು ಕೇಳಲೇಬೇಕು. ಕೈಗೂಸಿದ್ದರೆ ಮಕ್ಕಳ ವೈದ್ಯರನ್ನೂ ಕೇಳಿ.

ಸ್ಪ್ರೇಗ್ ಲೇಕ್‌ನಿಂದ ಶುರುಮಾಡಿ

ಒಂದೇ ಒಂದು ಹಾದಿ ಹೇಳಿ ಎಂದರೆ ನಾನು ಹೇಳುವುದು ಸ್ಪ್ರೇಗ್ ಲೇಕ್. ಬೇರ್ ಲೇಕ್ ರಸ್ತೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಮುಂದೆ ಸಿಗುವ ಈ ಕೆರೆಯ ಸುತ್ತ ಒಂದು ಮೈಲಿಗೂ ಕಡಿಮೆ ಹಾದಿ. ಏರಿಳಿತವೇ ಇಲ್ಲ. ಗಟ್ಟಿಯಾದ ಸಣ್ಣ ಜಲ್ಲಿಯ ನೆಲ, ಜೌಗು ಇರುವಲ್ಲಿ ಮರದ ಹಲಗೆ ಹಾಸಿದ್ದಾರೆ. ಗಾಲಿಕುರ್ಚಿ ಹೋಗುತ್ತದೆ, ಸ್ಟ್ರೋಲರ್ ಹೋಗುತ್ತದೆ. ಮಂಡಿನೋವಿನ ಅಜ್ಜಿಯೂ ನಿಧಾನವಾಗಿ ಸುತ್ತು ಮುಗಿಸಿ ಬರಬಹುದು.

ಕೆರೆ ಮನುಷ್ಯ ಕಟ್ಟಿದ್ದು. ಉದ್ಯಾನವಾಗುವ ಮೊದಲು ಇಲ್ಲಿ ಅತಿಥಿಗೃಹ ನಡೆಸುತ್ತಿದ್ದ ಏಬ್ನರ್ ಸ್ಪ್ರೇಗ್ ತನ್ನ ಅತಿಥಿಗಳು ಮೀನು ಹಿಡಿಯಲೆಂದು ತೊರೆಗೆ ಅಡ್ಡ ಕಟ್ಟಿ ನೀರು ನಿಲ್ಲಿಸಿದ. ಅದಕ್ಕೇ ನೀರು ಆಳವಿಲ್ಲ, ದಂಡೆಯಿಂದಲೇ ತಳ ಕಾಣುತ್ತದೆ. ಬೆಳಿಗ್ಗೆ ಗಾಳಿ ಏಳುವ ಮುನ್ನ ಹೋದರೆ ಎದುರಿನ ಹ್ಯಾಲೆಟ್ ಶಿಖರ, ಫ್ಲ್ಯಾಟ್‌ಟಾಪ್ ಬೆಟ್ಟ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತವೆ. ದೊಡ್ಡವರು ಅದನ್ನೇ ಫೋಟೊ ತೆಗೆಯುತ್ತಾ ನಿಲ್ಲುತ್ತಾರೆ. ಮಕ್ಕಳ ಕಣ್ಣು ಬೇರೆಲ್ಲೋ ಇರುತ್ತದೆ. ಹಲಗೆಯ ಮೇಲೆ ಮಂಡಿಯೂರಿ ಕೂತು ನೀರಿಗೆ ಮುಖ ಇಳಿಬಿಟ್ಟರೆ ಜೊಂಡಿನ ಬುಡದಲ್ಲಿ ಬೆರಳುದ್ದದ ಟ್ರೌಟ್ ಮರಿಗಳು. ನೆರಳು ಬಿದ್ದ ಕೂಡಲೇ ಚದುರಿ ಮಾಯವಾಗುತ್ತವೆ, ಅಲುಗದೆ ಕೂತರೆ ಒಂದೊಂದಾಗಿ ಮತ್ತೆ ಬರುತ್ತವೆ. ಅಲುಗದೆ ಕೂರು ಎಂದು ಮನೆಯಲ್ಲಿ ಎಷ್ಟು ಹೇಳಿದರೂ ಕೇಳದ ಮಗು ಇಲ್ಲಿ ತಾನಾಗಿ ಉಸಿರು ಬಿಗಿಹಿಡಿದು ಕೂರುತ್ತದೆ. ಆ ಹತ್ತು ನಿಮಿಷವನ್ನು ದಯವಿಟ್ಟು ಕಸಿಯಬೇಡಿ. ‘ಬೇಗ ಬಾರೋ, ಇನ್ನೂ ಎರಡು ಕೆರೆ ನೋಡೋದಿದೆ’ ಎಂದು ಕೂಗಿದರೆ ಇಡೀ ಪ್ರವಾಸದ ಹದ ಕೆಡುತ್ತದೆ. ಚಿಕ್ಕ ಮಕ್ಕಳ ಜೊತೆ ಒಂದು ಮೈಲಿಗೆ ಒಂದು ಗಂಟೆಯಾದರೂ ಇಟ್ಟುಕೊಳ್ಳಿ.

ಇದೇ ಬಗೆಯ ಇನ್ನೊಂದು ಸುತ್ತು ಲಿಲಿ ಲೇಕ್. ಎಸ್ಟೆಸ್ ಪಾರ್ಕ್‌ನಿಂದ ದಕ್ಷಿಣಕ್ಕೆ 7ನೇ ಹೆದ್ದಾರಿಯಲ್ಲಿ ಸುಮಾರು ಆರು ಮೈಲಿ ಹೋದರೆ ರಸ್ತೆಯ ಪಕ್ಕದಲ್ಲೇ ಇದೆ. ಇದೂ ಮೈಲಿಗೆ ಕಡಿಮೆ, ಇದೂ ಸಮತಟ್ಟು. 14,259 ಅಡಿಯ ಲಾಂಗ್ಸ್ ಪೀಕ್ ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಅದನ್ನು ಕಂಡು ಹತ್ತುವ ಆಸೆಯಾದರೆ ಮಕ್ಕಳು ದೊಡ್ಡವರಾಗುವವರೆಗೆ ಕಾಯಿರಿ. ಅದು ಬಂಡೆ ಹಿಡಿದು ಹತ್ತುವ, ಅಪಾಯವಿರುವ ಹಾದಿ.

ಬೇರ್ ಲೇಕ್, ಅಲ್ಲಿಂದ ಮುಂದೆ

ಬೇರ್ ಲೇಕ್ ಸುತ್ತುವ ಹಾದಿ ಕೂಡ ಮುಕ್ಕಾಲು ಮೈಲಿಯ ಆಸುಪಾಸು. ಆದರೆ ಸ್ಪ್ರೇಗ್‌ನಷ್ಟು ಸಮತಟ್ಟಲ್ಲ. ಕೆರೆಯ ಹಿಂಬದಿಯಲ್ಲಿ ಏರು, ಕಲ್ಲು, ಮರದ ಬೇರು ಇವೆ. ಸ್ಟ್ರೋಲರ್ ಬಿಟ್ಟು ಬೆನ್ನಿಗೆ ಕಟ್ಟಿಕೊಳ್ಳುವ ಕೂರುಚೀಲ ತನ್ನಿ. ದಾರಿಯುದ್ದಕ್ಕೂ ಸಂಖ್ಯೆ ಬರೆದ ಗೂಟಗಳಿವೆ. ಅಂಕಿ ಕಲಿಯುತ್ತಿರುವ ಮಗುವಿಗೆ ‘ಮುಂದಿನ ನಂಬರು ಯಾವುದು, ಹುಡುಕು ನೋಡೋಣ’ ಎಂದರೆ ಸಾಕು, ಅಪ್ಪ ಅಮ್ಮನನ್ನು ಹಿಂದೆ ಹಾಕಿ ಓಡುತ್ತದೆ.

ಜೂನ್ ಮೊದಲ ವಾರದಲ್ಲೂ ಇಲ್ಲಿ ಹಿಮ ಉಳಿದಿರಬಹುದು. ಬಿಸಿಲಲ್ಲಿ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ಹಿಮ ಗಾಜಿನಂತೆ ಜಾರುತ್ತದೆ. ಕೆರೆಯ ಮೇಲೆ ಉಳಿದ ತೆಳು ಮಂಜುಗಡ್ಡೆಯ ಮೇಲೆ ಕಾಲಿಡಲು ಯಾರನ್ನೂ ಬಿಡಬೇಡಿ. ಹಿಮವಿಲ್ಲದ ಹಾದಿ ಬೇಕೆಂದರೆ ಜುಲೈಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ.

ಬೇರ್ ಲೇಕ್‌ನಿಂದ ಅರ್ಧ ಮೈಲಿ ಏರಿದರೆ ನಿಂಫ್ ಲೇಕ್. ಬೇಸಿಗೆಯಲ್ಲಿ ನೀರಿನ ಮೇಲೆ ಹಳದಿ ನೈದಿಲೆ ಅರಳಿರುತ್ತವೆ. ಒಂದೂಕಾಲು ಮೈಲಿಯೊಳಗೆ ಡ್ರೀಮ್ ಲೇಕ್, 1.8 ಮೈಲಿಗೆ ಎಮರಾಲ್ಡ್ ಲೇಕ್. ಎಮರಾಲ್ಡ್‌ವರೆಗೆ ಸುಮಾರು 600 ಅಡಿ ಏರು. ಏಳೆಂಟು ವರ್ಷದ, ನಡೆದು ರೂಢಿಯಿರುವ ಮಕ್ಕಳಿಗೆ ಇದು ಆಗುತ್ತದೆ. ಐದರ ಕೆಳಗಿನವರಿಗೆ ನಿಂಫ್ ಸಾಕು. ಈ ಹಾದಿಯ ಗುಣವೇ ಅದು: ಮೂರು ಕೆರೆಗಳಲ್ಲಿ ಯಾವುದರ ದಡದಲ್ಲಿ ನಿಂತು ಹಿಂದಿರುಗಿದರೂ ಮಗುವಿಗೆ ಅರ್ಧಕ್ಕೆ ಬಿಟ್ಟು ಬಂದೆವೆಂಬ ಬೇಸರವಿಲ್ಲ.

ಹತ್ತಿರದ ಗ್ಲೇಸಿಯರ್ ಗಾರ್ಜ್‌ನಿಂದ ಹೊರಟರೆ ಮುಕ್ಕಾಲು ಮೈಲಿಯ ಆಚೆ ಆಲ್ಬರ್ಟಾ ಜಲಪಾತ. ಸ್ಪ್ರೇಗ್‌ನ ಹೆಂಡತಿ ಆಲ್ಬರ್ಟಾಳ ಹೆಸರು ಅದಕ್ಕೆ. ಆಸ್ಪೆನ್ ಮರಗಳ ನಡುವಿನ ಹಾದಿ ಸೆಪ್ಟೆಂಬರ್ ಕೊನೆಯಲ್ಲಿ ಪೂರ್ತಿ ಹಳದಿಯಾಗುತ್ತದೆ. ಜಲಪಾತದ ಬಳಿಯ ಬಂಡೆಗಳು ನೋಡಲು ಒಣಗಿದಂತಿದ್ದರೂ ಜಾರುತ್ತವೆ. ನೀರು ಹಿಮ ಕರಗಿ ಬಂದದ್ದು, ಬಿದ್ದ ಮಗುವಿಗೆ ಚಳಿಯ ಆಘಾತಕ್ಕೇ ಕೈಕಾಲು ಆಡುವುದಿಲ್ಲ. ಇಲ್ಲಿ ಮಗುವಿನ ಕೈ ನಿಮ್ಮ ಕೈಯಲ್ಲೇ ಇರಲಿ.

ಬಂಡೆಗಳ ಹಿಂದೊಂದು ಕಥೆ

ಫಾಲ್ ರಿವರ್ ದ್ವಾರದಿಂದ ಒಳಬಂದರೆ ಸಿಗುವ ಅಲ್ಯೂವಿಯಲ್ ಫ್ಯಾನ್ ನಮ್ಮವರ ಪಟ್ಟಿಯಲ್ಲಿ ಕಾಣುವುದೇ ಕಡಿಮೆ. ಮಕ್ಕಳಿಗಾಗಿಯೇ ಹೇಳಿ ಮಾಡಿಸಿದ ಜಾಗವಿದು. ಕಾರಿನ ಗಾತ್ರದ ಬಂಡೆಗಳು, ಅವುಗಳ ನಡುವೆ ಮರಳು, ತೊರೆ, ಮೇಲೊಂದು ಜಲಪಾತ. ಬೆಟ್ಟದ ಮೇಲಿನ ಲಾನ್ ಲೇಕ್ ಕೆರೆಯಲ್ಲಿ ಹೆಚ್ಚು ನೀರು ನಿಲ್ಲಿಸಲು ರೈತರು 1903ರಲ್ಲಿ ಮಣ್ಣಿನ ಒಡ್ಡು ಕಟ್ಟಿದ್ದರು. 1982ರ ಜುಲೈ 15ರ ಬೆಳಿಗ್ಗೆ ಅದು ಒಡೆಯಿತು. ರೋರಿಂಗ್ ರಿವರ್ ಹಿಡಿದು ನುಗ್ಗಿದ ನೀರು ಬೆಟ್ಟವನ್ನೇ ಕೊರೆದು ಈ ಬಂಡೆಗಳನ್ನೆಲ್ಲ ತಂದು ಬೀಸಣಿಗೆಯ ಆಕಾರದಲ್ಲಿ ಹರಡಿತು. ಮೂವರು ಸತ್ತರು, ಎಸ್ಟೆಸ್ ಪಾರ್ಕ್ ಪೇಟೆಯೊಳಗೆ ನೀರು ನುಗ್ಗಿತು. ಅಷ್ಟಕ್ಕೇ ನಿಂತದ್ದು ಬೆಳಗಿನ ಹೊತ್ತು ಕಸ ಸಾಗಿಸಲು ಬಂದಿದ್ದ ಒಬ್ಬ ಕೆಲಸಗಾರ ಸದ್ದು ಕೇಳಿ ಕೂಡಲೇ ಫೋನ್ ಮಾಡಿ ಎಚ್ಚರಿಸಿದ್ದರಿಂದ. ಇದನ್ನು ಬಂಡೆಯ ಮೇಲೆ ಕೂರಿಸಿಕೊಂಡು ಹೇಳಿ. ಆರು ವರ್ಷದ ಮಗು ಕೂಡ ‘ಈ ಕಲ್ಲು ಅಲ್ಲಿಂದ ಬಂತಾ?’ ಎಂದು ಮೇಲೆ ನೋಡುತ್ತದೆ. 2013ರ ಪ್ರವಾಹದಲ್ಲಿ ಹಳೆಯ ಹಾದಿ ಕೊಚ್ಚಿಹೋದ ಮೇಲೆ ಹೊಸದಾಗಿ ಗಟ್ಟಿ ಹಾದಿ ಮಾಡಿದ್ದಾರೆ, ಗಾಲಿಕುರ್ಚಿಗೂ ಅನುಕೂಲವಾಗಿದೆ.

ಅಲ್ಲೇ ಹತ್ತಿರದ ಶೀಪ್ ಲೇಕ್ಸ್‌ಗೆ ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಸುರುಳಿಕೊಂಬಿನ ಬಿಗ್‌ಹಾರ್ನ್ ಕುರಿಗಳು ಮಣ್ಣಿನಲ್ಲಿರುವ ಲವಣ ನೆಕ್ಕಲು ಬೆಟ್ಟದಿಂದ ಇಳಿದು ಬರುತ್ತವೆ. ನಡೆಯಲು ಒಪ್ಪದ ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ.

ಮರಗಳಿಲ್ಲದ ಎತ್ತರ

1932ರಲ್ಲಿ ತೆರೆದ ಟ್ರೇಲ್ ರಿಡ್ಜ್ ರಸ್ತೆ 48 ಮೈಲಿ ಉದ್ದ, ಎಸ್ಟೆಸ್ ಪಾರ್ಕ್ ಮತ್ತು ಗ್ರ್ಯಾಂಡ್ ಲೇಕ್ ಊರುಗಳನ್ನು ಸೇರಿಸುತ್ತದೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಸಾಮಾನ್ಯವಾಗಿ ಮೇ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ತೆರೆದಿರುತ್ತದೆ. ಸುಮಾರು 11,400 ಅಡಿಯ ಮೇಲೆ ಮರಗಳೇ ಇಲ್ಲ, ಅಂಗೈ ಎತ್ತರದ ಗಿಡಗಳು ಮಾತ್ರ. ರಾಕ್ ಕಟ್ ಎಂಬಲ್ಲಿ ಹೋಗಿಬರಲು ಒಂದು ಮೈಲಿಯ, ಟಾರು ಹಾಕಿದ ಹಾದಿಯಿದೆ. ಹಾದಿ ಸುಲಭ, ಎತ್ತರ 12,000 ಅಡಿಗೂ ಮೇಲೆ. ಮಕ್ಕಳು ಓಡತೊಡಗಿದರೆ ಐದೇ ನಿಮಿಷಕ್ಕೆ ಏದುಸಿರು. ಇಪ್ಪತ್ತು ಹೆಜ್ಜೆ ಹಾಕಿ ನಿಂತು ಬಂಡೆ ಸಂದಿಗಳನ್ನು ನೋಡುವುದನ್ನೇ ಆಟ ಮಾಡಿಕೊಳ್ಳಿ. ಬಾಯಿತುಂಬ ಹುಲ್ಲು ಕಚ್ಚಿಕೊಂಡು ಓಡುವ ಪೈಕಾ ಕಾಣುತ್ತದೆ, ಬಿಸಿಲು ಕಾಯಿಸುವ ದಢೂತಿ ಮಾರ್ಮಟ್ ಕಾಣುತ್ತದೆ. ಹಾದಿ ಬಿಟ್ಟು ಗಿಡಗಳ ಮೇಲೆ ಕಾಲಿಡಕೂಡದು. ವರ್ಷಕ್ಕೆ ಕೆಲವೇ ವಾರ ಬೆಳೆಯುವ ಈ ಗಿಡಗಳು ಒಮ್ಮೆ ತುಳಿತಕ್ಕೆ ಸಿಕ್ಕರೆ ಚೇತರಿಸಿಕೊಳ್ಳಲು ದಶಕಗಳೇ ಬೇಕು. ಕಾರಣ ಹೇಳಿದರೆ ಮಕ್ಕಳು ನಮಗಿಂತ ಚೆನ್ನಾಗಿ ಪಾಲಿಸುತ್ತಾರೆ, ತಪ್ಪು ಮಾಡಿದ ದೊಡ್ಡವರನ್ನು ಗದರುತ್ತಾರೆ ಕೂಡ.

ಇಲ್ಲಿ ಎಸ್ಟೆಸ್ ಪಾರ್ಕ್‌ಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿ ಹೆಚ್ಚು. ಜುಲೈಯಲ್ಲೂ ಸ್ವೆಟರ್, ಕಿವಿ ಮುಚ್ಚುವ ಟೋಪಿ, ಗಾಳಿ ತಡೆಯುವ ಜಾಕೆಟ್ ಬೇಕು. ಬಿಸಿಲೂ ಅಷ್ಟೇ ಚುರುಕು, ಸನ್‌ಸ್ಕ್ರೀನ್ ಮರೆಯಬೇಡಿ.

ಬೆಟ್ಟದ ಆಚೆಬದಿ ಗ್ರ್ಯಾಂಡ್ ಲೇಕ್ ಕಡೆ ಜನ ಕಡಿಮೆ. ಕಯೋಟಿ ವ್ಯಾಲಿ ಹಾದಿ ಹೋಗಿಬರಲು ಒಂದು ಮೈಲಿ, ಸಮತಟ್ಟು. ಪಕ್ಕದಲ್ಲಿ ಹರಿಯುವ ತೊರೆಯೇ ಮುಂದೆ ಗ್ರ್ಯಾಂಡ್ ಕ್ಯಾನಿಯನ್ ಮೂಲಕ ಹರಿಯುವ ಕೊಲರಾಡೊ ನದಿ. ಆಡಮ್ಸ್ ಜಲಪಾತಕ್ಕೆ ಮೂರನೇ ಒಂದು ಮೈಲಿಯಷ್ಟೇ ನಡಿಗೆ. 2020ರ ಕಾಳ್ಗಿಚ್ಚಿನಲ್ಲಿ ಸುಟ್ಟ ಮರಗಳು ಈ ಭಾಗದಲ್ಲಿ ಇನ್ನೂ ನಿಂತಿವೆ. ಗಾಳಿ ಜೋರಿದ್ದಾಗ ಅವುಗಳ ಕೆಳಗೆ ನಿಲ್ಲಬೇಡಿ.

ಹೊತ್ತು, ಗುಡುಗು, ಪ್ರಾಣಿ, ಬುತ್ತಿ

ಬೇಸಿಗೆಯ ಮಧ್ಯಾಹ್ನಗಳಲ್ಲಿ ಇಲ್ಲಿ ಗುಡುಗು ಮಳೆ ಸಾಮಾನ್ಯ. ಹನ್ನೊಂದಕ್ಕೆ ನೀಲಿಯಾಗಿದ್ದ ಆಕಾಶ ಒಂದು ಗಂಟೆಗೆ ಕಪ್ಪಾಗುತ್ತದೆ. ಮರಗಳಿಲ್ಲದ ಬಯಲಲ್ಲಿ ಸಿಡಿಲಿಗೆ ಸಿಗುವ ಎತ್ತರದ ವಸ್ತುವೆಂದರೆ ಮನುಷ್ಯ. ಮೇಲಿನ ಹಾದಿಗಳನ್ನು ಮಧ್ಯಾಹ್ನ ಹನ್ನೆರಡರೊಳಗೆ ಮುಗಿಸಿ. ಗುಡುಗಿನ ಸದ್ದು ಕಿವಿಗೆ ಬಿದ್ದ ಕೂಡಲೇ ಕಾರು ಸೇರಿಕೊಳ್ಳಿ.

ಎಲ್ಕ್, ಬಿಗ್‌ಹಾರ್ನ್‌ಗಳಿಂದ 75 ಅಡಿ, ಮೂಸ್ ಮತ್ತು ಕರಡಿಗಳಿಂದ 120 ಅಡಿ ದೂರವಿರಬೇಕೆಂಬುದು ಉದ್ಯಾನದ ನಿಯಮ. ನಮ್ಮ ಕಡವೆಯನ್ನು ನೆನಪಿಸುವ ಎಲ್ಕ್ ರಸ್ತೆ ಬದಿಯಲ್ಲೇ ಮೇಯುತ್ತಿದ್ದರೆ ಸಾಕಿದ ಪ್ರಾಣಿಯೆಂದೇ ಅನಿಸುತ್ತದೆ, ಪಕ್ಕದಲ್ಲಿ ಮಗುವನ್ನು ನಿಲ್ಲಿಸಿ ಫೋಟೊ ತೆಗೆಯುವ ಆಸೆ ಹುಟ್ಟುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಅವುಗಳ ಬೆದೆಯ ಕಾಲ, ಗಂಡು ಎಲ್ಕ್ ಏರಿ ಬರುತ್ತದೆ. ಮರಿಯಿರುವ ಮೂಸ್ ಇನ್ನೂ ಅಪಾಯ. ಅಳಿಲಿನಂಥ ಚಿಪ್‌ಮಂಕ್‌ಗಳು ಕಾಲ ಬುಡಕ್ಕೇ ಬಂದು ಕೈಚಾಚಿದರೂ ಒಂದು ಕಡಲೆಬೀಜವನ್ನೂ ಹಾಕಬಾರದು.

ಹಾದಿಗೆ ನೀರು ಹೆಚ್ಚು ಒಯ್ಯಿರಿ, ಒಣಗಾಳಿಯಲ್ಲಿ ಬೆವರಿದ್ದೇ ತಿಳಿಯುವುದಿಲ್ಲ. ಬೇರ್ ಲೇಕ್ ಕಡೆ ತಿಂಡಿ ಅಂಗಡಿಗಳಿಲ್ಲ. ಚಪಾತಿ ಸುರುಳಿ, ಚಿತ್ರಾನ್ನ, ಅವಲಕ್ಕಿ, ಕೋಡುಬಳೆ ಎಲ್ಲವೂ ಆಗುತ್ತದೆ. ಎತ್ತರದಲ್ಲಿ ಮಕ್ಕಳ ಹಸಿವು ಕುಗ್ಗುವುದರಿಂದ ಅವರಿಗೆ ರೂಢಿಯಿರುವ ರುಚಿಯೇ ಮೇಲು. ಬಾಡಿಗೆ ಮನೆಯಲ್ಲಿ ಅಡುಗೆ ಮಾಡುವವರು ಗಮನಿಸಿ: ಎಸ್ಟೆಸ್ ಪಾರ್ಕ್‌ನಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲವೇನೋ ಅನ್ನುವಷ್ಟು ಹೊತ್ತು ಹಿಡಿಯುತ್ತದೆ. ಪ್ರೆಶರ್ ಕುಕ್ಕರ್ ಜೊತೆಗಿರಲಿ. ಉಳಿದ ತಿನಿಸನ್ನು, ಹಾಲಿನ ಬಾಟಲಿಯನ್ನು ರಾತ್ರಿ ಕಾರಿನಲ್ಲಿ ಬಿಡಬೇಡಿ, ಕರಡಿಗೆ ವಾಸನೆ ಸಾಕು.

ಒಳಬಂದ ಕೂಡಲೇ ಸಂದರ್ಶಕರ ಕೇಂದ್ರದಲ್ಲಿ ಜೂನಿಯರ್ ರೇಂಜರ್ ಪುಸ್ತಕ ಕೇಳಿ ಪಡೆಯಿರಿ. ದುಡ್ಡಿಲ್ಲ. ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಇವೆ. ಚಿತ್ರ ಬಿಡಿಸಿ, ಕಂಡದ್ದನ್ನು ಗುರುತು ಹಾಕಿ ಒಪ್ಪಿಸಿದರೆ ರೇಂಜರ್ ಪ್ರತಿಜ್ಞೆ ಹೇಳಿಸಿ ಬ್ಯಾಡ್ಜ್ ಕೊಡುತ್ತಾರೆ. ‘ಇನ್ನೆಷ್ಟು ದೂರ ಅಪ್ಪಾ?’ ಎನ್ನುವ ಮಗುವನ್ನು ಮುಂದೆ ನಡೆಸಲು ಚಾಕೊಲೇಟಿಗಿಂತ ಇದು ವಾಸಿ.

ಅನುಮತಿ ಮತ್ತು ಶುಲ್ಕ

ಇತ್ತೀಚಿನ ವರ್ಷಗಳಲ್ಲಿ ಮೇ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ, ಪ್ರವೇಶ ಶುಲ್ಕದ ಜೊತೆಗೆ, ಹೊತ್ತು ಗೊತ್ತುಮಾಡಿದ ಅನುಮತಿಯೂ ಬೇಕಾಗಿದೆ. ರೆಕ್ರಿಯೇಷನ್.ಗವ್ ತಾಣದಲ್ಲಿ ಮಾತ್ರ ಸಿಗುತ್ತದೆ, ದ್ವಾರದಲ್ಲಿ ಕೊಡುವುದಿಲ್ಲ. ಎರಡು ಬಗೆ: ಬೇರ್ ಲೇಕ್ ರಸ್ತೆಯನ್ನೂ ಸೇರಿಸಿದ್ದು ಒಂದು, ಅದನ್ನು ಬಿಟ್ಟದ್ದು ಇನ್ನೊಂದು. ಸ್ಪ್ರೇಗ್, ಬೇರ್ ಲೇಕ್, ಆಲ್ಬರ್ಟಾ ಮೂರೂ ಆ ರಸ್ತೆಯಲ್ಲೇ ಇರುವುದರಿಂದ ಮೊದಲ ಬಗೆಯದನ್ನೇ ಪಡೆಯಬೇಕು. 2025ರಲ್ಲಿ ಆ ರಸ್ತೆಗೆ ಬೆಳಿಗ್ಗೆ 5ರಿಂದ ಸಂಜೆ 6ರವರೆಗೆ, ಉಳಿದ ಭಾಗಕ್ಕೆ 9ರಿಂದ 2ರವರೆಗೆ ಅನುಮತಿ ಕಡ್ಡಾಯವಿತ್ತು. ಬೇರ್ ಲೇಕ್ ನಿಲುಗಡೆ ಬೇಗ ತುಂಬುತ್ತದೆ; ಪಾರ್ಕ್ ಅಂಡ್ ರೈಡ್‌ನಲ್ಲಿ ಕಾರು ಬಿಟ್ಟು ಉಚಿತ ಬಸ್ಸು ಹತ್ತಿ.

ಭಾರತದಿಂದ ಬರುವವರು ತಿಳಿದಿರಬೇಕಾದ ಇನ್ನೊಂದು ವಿಷಯ: 2026ರ ಜನವರಿಯಿಂದ ರಾಕಿ ಮೌಂಟನ್ ಸೇರಿ 11 ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ, 16 ತುಂಬಿದವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕವಿದೆ. ಅಜ್ಜ ಅಜ್ಜಿ ಇಬ್ಬರೂ ಬರುವುದಾದರೆ ಅನಿವಾಸಿಗಳ 250 ಡಾಲರಿನ ವಾರ್ಷಿಕ ಪಾಸಿನ ಲೆಕ್ಕವನ್ನೂ ಹಾಕಿ ನೋಡಿ. ಅಮೆರಿಕದಲ್ಲಿ ನಾಲ್ಕನೇ ತರಗತಿ ಓದುವ ಮಗು ಮನೆಯಲ್ಲಿದ್ದರೆ ಆ ಮಗುವಿನ ಹೆಸರಲ್ಲಿ ಒಂದು ವರ್ಷದ ಉಚಿತ ಪಾಸ್ ಸಿಗುತ್ತದೆ.

ಅನುಮತಿಗಳನ್ನು ತಿಂಗಳ ಮೊದಲ ದಿನ, ಮುಂದಿನ ತಿಂಗಳಿಗಾಗಿ, ಅಲ್ಲಿನ ಸಮಯ ಬೆಳಿಗ್ಗೆ 8ಕ್ಕೆ ಬಿಡುವುದು ರೂಢಿ. ಉಳಿದ ಒಂದು ಪಾಲನ್ನು ಹಿಂದಿನ ದಿನ ಸಂಜೆ 7ಕ್ಕೆ ಬಿಡುತ್ತಾರೆ. ಆ ವರ್ಷದ ನಿಯಮವನ್ನು ಉದ್ಯಾನದ ತಾಣದಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ಜುಲೈಯಲ್ಲಿ ಮಕ್ಕಳನ್ನು ಕರೆದೊಯ್ಯುವ ಯೋಚನೆಯಿದ್ದರೆ ಜೂನ್ 1ರ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಮುಂಚೆಯೇ ಲಾಗಿನ್ ಆಗಿ ಕೂತಿರಿ, ಬೆಳಗಿನ ಹೊತ್ತಿನ ಅನುಮತಿಗಳೇ ಮೊದಲು ಖಾಲಿಯಾಗುತ್ತವೆ.